ಅಭಯ

ಕೆಲವು ವರ್ಷಗಳ ಹಿಂದೆ ಚನ್ನಗಿರಿಯಿಂದ ಹೊನ್ನಾಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಸ್ಸಂಜೆಯ ಹೊತ್ತು. ಸೀರೆಯುಟ್ಟ ಮಂಗಳಮುಖಿಯೊಬ್ಬರು ಬಸ್ಸನ್ನೇರಿ, ಹಿಂದೆ ಸ್ಥಳವಿದ್ದರೂ ಚಾಲಕನ ಬಳಿಯಲ್ಲೇ ನಿಂತರು. “ಹಿಂದೆ ಜಾಗವಿದೆಯಲ್ಲ, ತಾಯಿ?” ಎಂದೆ. “ಇಲ್ಲೇ ಇರಲಿ ಯಜಮಾನರೇ, ನಾಲ್ಕು ಜನರ ಕಣ್ಣೆದುರಿಗಿದ್ದರೆ ಧೈರ್ಯ” ಎಂದರು. ಹಿಂದಿನ ಆಸನದಿಂದ ಯಾರೋ ನಕ್ಕರು. ನಮಗೆ ಪ್ರಯಾಣದಲ್ಲಿ ಆಸನ ದೊರೆತರೆ ಸಾಕು. ಅವರಿಗೆ ಆಸನಕ್ಕಿಂತ ಮೊದಲು ಅಭಯ ಬೇಕಾಗಿತ್ತು.

ಹುಟ್ಟಿದಾಗ ಗಂಡೆಂದು ಕರೆಯಲ್ಪಟ್ಟವರು ತಾವು ಹೆಣ್ಣೆಂದೂ, ಹೆಣ್ಣೆಂದು ಕರೆಯಲ್ಪಟ್ಟವರು ತಾವು ಗಂಡೆಂದೂ ಅಂತರಂಗದಲ್ಲಿ ಅರಿಯುವುದುಂಟು. ಇದು ರೋಗವಲ್ಲ, ಅಪರಾಧವೂ ಅಲ್ಲ. ಆದರೂ ಈ ಸತ್ಯವನ್ನು ಬಹಿರಂಗವಾಗಿ ಬಾಳಿದವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬದುಕೇ ಇದಕ್ಕೆ ನಿದರ್ಶನ. ಅವರು ಮನೆಯ ಆಸರೆ ತಪ್ಪಿ ಭಿಕ್ಷೆ ಬೇಡಿದರು. ದುರುಳರ ಕೈಯಲ್ಲಿ ನೊಂದರು. ನಮ್ಮ ದಾವಣಗೆರೆಯಲ್ಲಿ ಕಂಡ ಜೋಗತಿ ನೃತ್ಯ ಅವರ ಬಾಳಿಗೆ ಹೊಸ ತಿರುವು ನೀಡಿತು. ಕಾಳವ್ವ ಜೋಗತಿಯವರ ಮೇಳವು ಅವರಿಗೆ ಕಲೆಯನ್ನೂ ಆಶ್ರಯವನ್ನೂ ಕೊಟ್ಟಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಒಂಟಿಯಾಗಿದ್ದಾಗ ಅಪಾಯ, ಜೊತೆ ದೊರೆತಾಗ ಏಳಿಗೆ—ಇದೇ ಆ ಬಾಳಿನ ಪಾಠ.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯ ಲಿಂಗಕ್ಕೆ ಮಾನ್ಯತೆ ನೀಡಿತು. 2019ರಲ್ಲಿ ಸಂಸತ್ತು ಇವರ ರಕ್ಷಣೆಗಾಗಿ ಕಾಯಿದೆ ಮಾಡಿ, ದೈಹಿಕ ಹಿಂಸೆಯನ್ನಷ್ಟೇ ಅಲ್ಲದೆ ಮಾತಿನ ಹಿಂಸೆಯನ್ನೂ ಶಿಕ್ಷಾರ್ಹವೆಂದು ಸಾರಿತು. ಆದರೆ ಕಾನೂನು ಎಲ್ಲ ಬಸ್ಸುಗಳಲ್ಲಿಯೂ ಜೊತೆಗೆ ಪ್ರಯಾಣ ಮಾಡಲಾರದು. ಆದ್ದರಿಂದ ಎಚ್ಚರಿಕೆ ಅವಶ್ಯಕ. ತನ್ನ ಮನಸ್ಸನ್ನು ಮೊದಲು ನಂಬಿಕೆಗೆ ಅರ್ಹರಾದ ಒಬ್ಬರಿಗೆ ಹೇಳಿಕೊಳ್ಳುವುದು, ನಿರ್ಜನ ಸ್ಥಳದಲ್ಲಿ ಒಂಟಿಯಾಗಿರದಿರುವುದು, ಹೋಗುವೆಡೆಯನ್ನು ಆಪ್ತರಿಗೆ ತಿಳಿಸುವುದು, ಆಪತ್ತಿನಲ್ಲಿ 112ಕ್ಕೆ, ಮಕ್ಕಳಾದರೆ 1098ಕ್ಕೆ ಕರೆ ಮಾಡುವುದು—ಇವು ಹೇಡಿತನವಲ್ಲ, ವಿವೇಕ. ಯಾವಾಗ, ಯಾರಿಗೆ ಹೇಳಬೇಕೆಂಬುದು ಅವರವರ ಇಚ್ಛೆ. ಒಬ್ಬರು ನಂಬಿ ಹೇಳಿದ ಗುಟ್ಟನ್ನು ಬಯಲು ಮಾಡುವುದು ಅವರನ್ನು ಅಪಾಯಕ್ಕೆ ದೂಡಿದಂತೆ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ನಾನು ಅಧ್ಯಾಪಕನಾಗಿದ್ದಾಗ, ಹುಡುಗನೊಬ್ಬನ ನಡೆನುಡಿ ಹೆಣ್ಣಿನಂತಿದೆಯೆಂದು ತರಗತಿಯವರು ಅಣಕಿಸುತ್ತಿದ್ದರು. ಮಕ್ಕಳಾಟವೆಂದು ನಾನು ಸುಮ್ಮನಿದ್ದೆ. ಕೆಲವೇ ತಿಂಗಳಲ್ಲಿ ಅವನು ಶಾಲೆ ಬಿಟ್ಟನು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೆ ಕೆಂಪು ಗೆರೆ ಎಳೆದವನು ನಾನೇ.

ಎಚ್ಚರಿಕೆಯ ಹೊರೆಯನ್ನೆಲ್ಲ ನೊಂದವರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಜಗಳೂರಿನ ಸಂತೆಯಲ್ಲಾಗಲಿ ನ್ಯಾಮತಿಯ ಬೀದಿಯಲ್ಲಾಗಲಿ, ಅಣಕದ ನಗೆ ಕೇಳಿದಾಗ ಅದಕ್ಕೆ ದನಿಗೂಡಿಸದೆ “ಬೇಡ” ಎನ್ನುವ ಒಬ್ಬನಿದ್ದರೂ ಸಾಕು. ಅಂದು ಬಸ್ಸಿನಲ್ಲಿ ನಾನೆದ್ದು ನನ್ನ ಆಸನವನ್ನು ಆ ತಾಯಿಗೆ ಬಿಟ್ಟುಕೊಟ್ಟೆ. ಹಿಂದಿನ ನಗೆ ನಿಂತಿತು. ತರಗತಿಯಲ್ಲಿ ಅಂದು ಮಾಡಬೇಕಾಗಿದ್ದುದೂ ಇಷ್ಟೇ.