ಬೆಕ್ಕಿಗೆ ನೆಕ್ಕುವ ತಿಂಡಿ ತರುವ ಮುನ್ನ
ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಬೇಸಿಗೆಗೆ ಬೆಕ್ಕು ನೆಕ್ಕುವ, ಪಾಕೀಟಿನಲ್ಲಿ ಬರುವ ಕ್ರೀಮ್ ತಿಂಡಿ ಒಳ್ಳೆಯದೇ. ಬೆಕ್ಕು ನೀರು ಕುಡಿಯುವುದು ಕಡಿಮೆ. ಈ ಪಾಕೀಟಿನಲ್ಲಿ ಬಹುಪಾಲು ನೀರೇ ಇರುತ್ತದೆ. ಆದರೂ ಹಿಂಬದಿಯ ಅಕ್ಷರ ಓದದೆ ಕೊಳ್ಳಬೇಡಿ. ಕೋಳಿಯೋ ಮೀನೋ ಪದಾರ್ಥಗಳ ಪಟ್ಟಿಯ ಮೊದಲಲ್ಲೇ ಇರಲಿ. ಈರುಳ್ಳಿ, ಬೆಳ್ಳುಳ್ಳಿ ಪುಡಿ ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ; ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ‘ಪೂರಕ ಆಹಾರ’ ಎಂದಿದ್ದರೆ ಅದು ಊಟಕ್ಕೆ ಬದಲಿಯಲ್ಲ. ತಿಂಡಿಗಳೆಲ್ಲ ಸೇರಿ ದಿನದ ಕ್ಯಾಲೊರಿಯಲ್ಲಿ ಶೇ. 10 ಮೀರದಿರಲಿ, 4 ಕೆಜಿ ತೂಗುವ ಬೆಕ್ಕಿಗೆ ಅದು ಸುಮಾರು 20 ಕ್ಯಾಲೊರಿ. ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದರೆ ಮೊದಲು ಪಶುವೈದ್ಯರನ್ನು ಕೇಳಿ. ಬಿಚ್ಚಿದ ಪಾಕೀಟನ್ನು ನಮ್ಮ ಬಿಸಿಲಲ್ಲಿ ಹೊರಗಿಡಬೇಡಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನವೇ ಮುಗಿಸಿ.