ಎರಡು ಸಾವಿರ ಡಾಲರಿನ ದೋಣಿಗೆ ಬೀಳುವ ಬೆಲೆ

ಅಮೆರಿಕದಲ್ಲಿ 1970ರ ದಶಕದ ಸ್ಕೀ ಬೋಟೊಂದು ಅಗ್ಗಕ್ಕೆ ಸಿಗುತ್ತದೆ ಎಂದಾಗ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಹೊರಮೈಯ ಹೊಳಪಿಗೆ. ದುಬಾರಿ ತಪ್ಪು ಆಗುವುದೂ ಅಲ್ಲೇ. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ನಿಜ. ಆದರೆ ಆ ಕಾಲದ ಹೆಚ್ಚಿನ ದೋಣಿಗಳಲ್ಲಿ ಎಂಜಿನ್ನಿನ ಭಾರ ಹೊರುವುದು ತಳದುದ್ದಕ್ಕೂ ಹಾಯ್ದ ಸ್ಟ್ರಿಂಗರ್‌ಗಳು. ಅವು ಫೈಬರ್‌ಗ್ಲಾಸ್ ಹೊದಿಸಿದ ಮರದ ತೊಲೆಗಳು. ಬೋಲ್ಟು ಹೊಡೆದ ತೂತಿನಿಂದ ನೀರಿಳಿದರೆ ಮರ ಒಳಗೊಳಗೇ ಮೆತ್ತಗಾಗುತ್ತದೆ. ನೆಲದಡಿಯ ಫೋಮ್ ಆ ನೀರನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಇಂಥ ದೋಣಿಗೆ ಬೆಲೆ ಕಟ್ಟಬೇಕಾದದ್ದು ನೆಲದಡಿಯ ಮರವನ್ನೂ ಹಿಂಬದಿಯ ಗುರುತು ಸಂಖ್ಯೆಯನ್ನೂ ನೋಡಿ, ಎಂಬುದು ನನ್ನ ವಾದ.

ಲೆಕ್ಕ ಮಾಡೋಣ. ಅಂಕಿಗಳನ್ನು ಉದಾಹರಣೆಗೆಂದು ಇಟ್ಟುಕೊಂಡಿದ್ದೇನೆ, ನಿಮ್ಮ ಊರಿನ ದರ ಹಾಕಿಕೊಳ್ಳಿ. ದೋಣಿಗೆ 2,000 ಡಾಲರ್. ಸ್ಟ್ರಿಂಗರ್ ಮತ್ತು ನೆಲ ಬದಲಿಸಲು ಮರ, ರೆಸಿನ್, ಗ್ಲಾಸ್ ಬಟ್ಟೆಗೆ 1,800. ಎಂಜಿನ್ನಿನ ಮ್ಯಾನಿಫೋಲ್ಡ್, ಪಂಪು, ಕಾರ್ಬ್ಯುರೇಟರಿಗೆ 1,300. ಸೀಟುಗಳಿಗೆ 1,500. ಟ್ರೇಲರಿನ ಟೈರು, ಬೇರಿಂಗ್, ಬ್ರೇಕಿಗೆ 700. ಇಲ್ಲಿಗೆ 7,300. ಕೆಲಸ ಮುಗಿಯುವವರೆಗೆ 18 ತಿಂಗಳು ಶೆಡ್ಡಿನ ಬಾಡಿಗೆ ತಿಂಗಳಿಗೆ 60ರಂತೆ 1,080, ಒಟ್ಟು 8,380. ಇನ್ನೂರು ಗಂಟೆಯ ದುಡಿಮೆಗೆ ಗಂಟೆಗೆ 20 ಡಾಲರ್ ಹಿಡಿದರೆ 12,380. ಅದೇ ಮಾದರಿಯ, ಮರ ಗಟ್ಟಿಯಿರುವ, ಓಡುತ್ತಿರುವ ದೋಣಿ 7,500ಕ್ಕೆ ಸಿಗುವುದಾದರೆ, ದುಡಿಮೆಯನ್ನು ಸೊನ್ನೆ ಎಂದು ಬರೆದರೂ ಅಗ್ಗದ ದೋಣಿ 880 ಡಾಲರ್ ತುಟ್ಟಿ. ಖುಷಿಗಾಗಿ ಮಾಡುವ ಕೆಲಸಕ್ಕೆ ಕೂಲಿ ಹಚ್ಚಬಾರದು ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ಹಾಗಾದರೆ ಅದನ್ನು ಖುಷಿಯ ಖರ್ಚು ಎಂದೇ ಬರೆದಿಡಬೇಕು, ಹೂಡಿಕೆ ಎಂದು ಮನೆಯವರನ್ನು ಒಪ್ಪಿಸಬಾರದು. ಶೆಡ್ಡಿನ ಬಾಡಿಗೆಯನ್ನು, ಅಂಗಡಿಯ ಚಿಲ್ಲರೆ ಬಿಲ್ಲನ್ನು ಒಂದು ಪುಸ್ತಕದಲ್ಲಿ ಬರೆಯುವ ಅಭ್ಯಾಸವೇ ಇಲ್ಲದವರು ಇಂಥ ಕೆಲಸಕ್ಕೆ ಕೈ ಹಾಕಲೇಬಾರದು.

ಹಳೆಯ ಹೆಸರಾಂತ ದೋಣಿಗೆ ಬೆಲೆ ಏರುತ್ತದಲ್ಲ ಎಂಬ ಆಕ್ಷೇಪ ಕೂಲಿಯ ಮಾತಿಗಿಂತ ಗಟ್ಟಿ. ಕರೆಕ್ಟ್ ಕ್ರಾಫ್ಟ್ ಕಂಪನಿ 1961ರಿಂದ ತಯಾರಿಸಿದ ಸ್ಕೀ ನಾಟೀಕ್, 1968ರಲ್ಲಿ ಟೆನ್ನೆಸ್ಸಿಯಲ್ಲಿ ಶುರುವಾದ ಮಾಸ್ಟರ್‌ಕ್ರಾಫ್ಟ್, ಇವನ್ನು ಹುಡುಕಿಕೊಂಡು ಬರುವವರಿದ್ದಾರೆ. ಆದರೆ ಅವರು ದುಡ್ಡು ಕೊಡುವುದು ಗುರುತು ಖಚಿತವಾದ ದೋಣಿಗೆ. 1972ರ ನವೆಂಬರ್ 1ರಿಂದ ಅಮೆರಿಕದಲ್ಲಿ ತಯಾರಾದ ಪ್ರತಿ ದೋಣಿಯ ಹಿಂಬದಿಯ ಬಲಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರಬೇಕು. ಮೊದಲ ಮೂರು ತಯಾರಕರದು: ‘ಸಿಟಿಸಿ’ ಎಂದರೆ ಕರೆಕ್ಟ್ ಕ್ರಾಫ್ಟ್, ‘ಎಂಬಿಸಿ’ ಎಂದರೆ ಮಾಸ್ಟರ್‌ಕ್ರಾಫ್ಟ್. ಕೊನೆಯ ನಾಲ್ಕರಲ್ಲಿ ಕಾಲ ಅಡಗಿದೆ, ಜನ ಎಡವುವುದು ಅಲ್ಲಿ. ‘ಎಂ78ಎ’ ಎಂದಿದ್ದರೆ ಅದು 1978ರ ಮಾದರಿ, ತಯಾರಾದದ್ದು 1977ರ ಆಗಸ್ಟಿನಲ್ಲಿ. ಆ ಪದ್ಧತಿಯಲ್ಲಿ ‘ಎ’ ಎಂದರೆ ಆಗಸ್ಟ್. 1984ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಅದೇ ‘ಎ’ ಜನವರಿ. 1972ಕ್ಕಿಂತ ಹಿಂದಿನ ದೋಣಿಗಳಿಗೆ ಇಂಥ ಏಕರೂಪದ ಸಂಖ್ಯೆಯೇ ಇಲ್ಲ; ತಯಾರಕರ ಫಲಕ, ಹಳೆಯ ಕ್ಯಾಟಲಾಗು, ನೋಂದಣಿ ಪತ್ರಗಳನ್ನು ತಾಳೆ ನೋಡಬೇಕು. ಫಲಕ ಕಿತ್ತುಹೋಗಿ, ಕಾಗದವೂ ಕಳೆದಿದ್ದರೆ ‘ಅಪರೂಪ’ ಎಂಬ ಮಾತಿಗೆ ಒಂದು ಡಾಲರನ್ನೂ ಹೆಚ್ಚಿಗೆ ಕೊಡಬೇಡಿ.

ನೆಲ ಕೀಳದೆ, ತೂತು ಕೊರೆದು ಸುರಿದರೆ ಕೊಳೆತ ಮರ ಗಟ್ಟಿಯಾಗುತ್ತದೆ ಎಂದು ಮಾರುವ ತೆಳು ಎಪಾಕ್ಸಿಯ ಬಗ್ಗೆ ನನಗೆ ತಾಳ್ಮೆಯಿಲ್ಲ. ನೀರು ಕುಡಿದ ಮರದೊಳಗೆ ಅದು ಇಳಿಯುವುದಿಲ್ಲ, ಒಳಗಿನ ನೀರು ಹೊರಬರಲು ಬಿಡುವುದೂ ಇಲ್ಲ, ಮರದಿಂದ ಬಿಟ್ಟುಕೊಂಡ ಹೊದಿಕೆಯನ್ನು ಮತ್ತೆ ಭರವಸೆಯಿಂದ ಕೂಡಿಸುವುದೂ ಇಲ್ಲ. ಹಾಗೆ ಸುರಿದ ದುಡ್ಡು ಮುಂದೆ ನೆಲ ಕೀಳುವ ದಿನ ಮತ್ತೊಂದು ಖರ್ಚಾಗಿ ಲೆಕ್ಕಕ್ಕೆ ಸೇರುತ್ತದೆ. ದೋಣಿಗೆ ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಹಾಕಿ ದುಡ್ಡು ಉಳಿಸುವುದು ಇದಕ್ಕಿಂತ ಕೆಟ್ಟದ್ದು. ಪೆಟ್ರೋಲಿನ ಆವಿ ತುಂಬಿದ ಎಂಜಿನ್ ಪೆಟ್ಟಿಗೆಯಲ್ಲಿ ಅವುಗಳ ಕಿಡಿಯಿಂದ ಬೆಂಕಿ ಹತ್ತಬಹುದು.

ಮುಂಗಡ ಕೊಡುವ ಮೊದಲು ಎಂಜಿನ್ ಕೂರಿಸಿದ ಒಂದು ಬೋಲ್ಟನ್ನು ಬಿಚ್ಚಿ ನೋಡಲು ಮಾಲೀಕರ ಅನುಮತಿ ಕೇಳಿ. ಬೋಲ್ಟಿನ ಜೊತೆ ಕಪ್ಪಗಾದ ಒದ್ದೆ ಮರದ ಪುಡಿ ಬಂದರೆ, ಅಥವಾ ಬಿಚ್ಚಲು ಅವರು ಒಪ್ಪದಿದ್ದರೆ, ಆ ದೋಣಿಯನ್ನು ಕೊಳ್ಳಬೇಡಿ.