ಎಲ್ಲಿ ಬೇಕಾದರೂ ಬರುವ ಟ್ಯಾಗಿಗೆ ಜಾಗ ಮಾಡಿಕೊಡಿ

ಹಳೆಯ ಪುಸ್ತಕ, ಹಸ್ತಪ್ರತಿಗಳನ್ನು ಎಕ್ಸ್‌ಎಂಎಲ್‌ಗೆ ತರುತ್ತಿರುವವರಿಗೆ ಒಂದು ಮಾತು. ಪುಟ ತಿರುಗುವುದು ವಾಕ್ಯ ಮುಗಿದಾಗಲೇ ಅಲ್ಲ. ಪದ್ಯದ ನಡುವೆ, ಟಿಪ್ಪಣಿಯ ನಡುವೆ, ಒಮ್ಮೊಮ್ಮೆ ಪದವೊಂದರ ನಡುವೆಯೇ ತಿರುಗುತ್ತದೆ. ಆದ್ದರಿಂದ ಪುಟದ ಗುರುತಿನ ಎಲಿಮೆಂಟ್ ಎಲ್ಲಿ ಬಂದರೂ ಸ್ಕೀಮಾ ಒಪ್ಪಬೇಕು.

ಎಕ್ಸ್‌ಎಂಎಲ್‌ಗೆ ಮೂಲವಾದ 1986ರ ಎಸ್‌ಜಿಎಂಎಲ್‌ನಲ್ಲಿ ಇದು ಸುಲಭವಿತ್ತು. ಹೊರಗಿನ ಎಲಿಮೆಂಟಿನ ಘೋಷಣೆಯಲ್ಲಿ ಒಮ್ಮೆ ಹೇಳಿದರೆ ಒಳಗೆ ಎಷ್ಟು ಆಳದಲ್ಲಾದರೂ ಆ ಗುರುತು ಬರಬಹುದಿತ್ತು. 1998ರ ಎಕ್ಸ್‌ಎಂಎಲ್ ಆ ಅನುಕೂಲವನ್ನು ಕೈಬಿಟ್ಟಿತು.

ಈಗ ಎಲ್ಲರ ಕೈ ಮೊದಲು ಹೋಗುವುದು ಎಕ್ಸ್‌ಎಂಎಲ್ ಸ್ಕೀಮಾ ಭಾಷೆಯಾದ ಎಕ್ಸ್‌ಎಸ್‌ಡಿಯ 'ಎನಿ' ಎಂಬ ವೈಲ್ಡ್‌ಕಾರ್ಡಿನತ್ತ. ದಯವಿಟ್ಟು ಅದನ್ನು ಕಂಡಕಂಡಲ್ಲಿ ತುರುಕಬೇಡಿ. ಪಕ್ಕದಲ್ಲಿ ಐಚ್ಛಿಕ ಎಲಿಮೆಂಟ್ ಇದ್ದರೆ, ಬಂದದ್ದು ಅದೋ ವೈಲ್ಡ್‌ಕಾರ್ಡೋ ತಿಳಿಯದೆ ಎಕ್ಸ್‌ಎಸ್‌ಡಿ 1.0 ಆವೃತ್ತಿ ಸ್ಕೀಮಾವನ್ನೇ ತಿರಸ್ಕರಿಸುತ್ತದೆ. ತಪಾಸಣೆಯನ್ನು 'ಸ್ಕಿಪ್' ಎಂದಿಟ್ಟರಂತೂ ತಪ್ಪು ಕಾಗುಣಿತದ ಟ್ಯಾಗೂ ಸದ್ದಿಲ್ಲದೆ ಒಳಬರುತ್ತದೆ.

ನನಗೆ ಮೆಚ್ಚುಗೆಯಾದ ದಾರಿ, ಪಠ್ಯಗಳನ್ನು ಎಕ್ಸ್‌ಎಂಎಲ್‌ನಲ್ಲಿ ಗುರುತಿಸುವ ಮಾರ್ಗಸೂಚಿಯಾದ ಟಿಇಐನದು. ಎಲ್ಲೆಡೆ ಬರಬಲ್ಲ ಎಲಿಮೆಂಟುಗಳನ್ನೆಲ್ಲ 'ಮಾಡೆಲ್.ಗ್ಲೋಬಲ್' ಎಂಬ ಒಂದೇ ವರ್ಗಕ್ಕೆ ಸೇರಿಸಿ, ಬೇಕಾದ ಕಡೆಯೆಲ್ಲ ಅದನ್ನೇ ಕರೆಯುತ್ತಾರೆ. ನಾಳೆ ಹೊಸ ಗುರುತು ಬಂದರೆ ತಿದ್ದುವುದು ಒಂದೇ ಕಡೆ.

2012ರ ಎಕ್ಸ್‌ಎಸ್‌ಡಿ 1.1ರಲ್ಲಿ ಒಮ್ಮೆ ಹೇಳಿದರೆ ಸ್ಕೀಮಾದುದ್ದಕ್ಕೂ ವೈಲ್ಡ್‌ಕಾರ್ಡಿಗೆ ಜಾಗ ಕೊಡುವ 'ಡೀಫಾಲ್ಟ್‌ಓಪನ್‌ಕಂಟೆಂಟ್' ಇದೆ. 'ಇಂಟರ್‌ಲೀವ್' ಎಂದು ಕೊಟ್ಟು, ಗುರುತಿಗೆ ಪ್ರತ್ಯೇಕ ನೇಮ್‌ಸ್ಪೇಸ್ ಇಟ್ಟು, ತಪಾಸಣೆಯನ್ನು 'ಸ್ಟ್ರಿಕ್ಟ್' ಮಾಡಿದರೆ ಚೊಕ್ಕವಾಗುತ್ತದೆ. ಆದರೆ ಮೊದಲು ನಿಮ್ಮ ಪರಿಕರ ನೋಡಿಕೊಳ್ಳಿ: ಲಿಬ್‌ಎಕ್ಸ್‌ಎಂಎಲ್2 ಎಕ್ಸ್‌ಎಸ್‌ಡಿ 1.1 ಅನ್ನು ಅರಿಯದು, ಝರ್ಸಿಸ್ ಜಾವಾ ಅರಿಯುತ್ತದೆ.

ಇನ್ನೊಂದು: ದಿನಾಂಕ, ಸಂಖ್ಯೆಯಂಥ ಸರಳ ಟೈಪಿನ ಎಲಿಮೆಂಟಿನೊಳಗೆ ಯಾವ ಟ್ಯಾಗೂ ಕೂರದು. ಅಂಥ ಮೌಲ್ಯವನ್ನು ಆಟ್ರಿಬ್ಯೂಟಿಗೆ ಸರಿಸಿ, ಒಳಗಿನ ಪಠ್ಯವನ್ನು ಮಿಶ್ರವಾಗಿಡಿ.